ಸೋನೋಸ್ ಪ್ಲೇ:1 ದೀರ್ಘ ಬಳಕೆಯ ವಿಮರ್ಶೆ: ಸಂಪರ್ಕ ತಪ್ಪಿದರೆ ಮೊದಲು ರೂಟರ್ ನೋಡಿ

2013ರಲ್ಲಿ ಬಂದ ಸೋನೋಸ್ ಕಂಪನಿಯ ವೈಫೈ ಸ್ಪೀಕರ್ ಪ್ಲೇ:1 ದನಿಯಲ್ಲಿ ಇವತ್ತಿಗೂ ಸೋಲುವುದಿಲ್ಲ. ತಗ್ಗು ದನಿಗೆ ಮೂರೂವರೆ ಇಂಚಿನ ವೂಫರ್, ಏರು ದನಿಗೆ ಒಂದು ಟ್ವೀಟರ್, ಎರಡಕ್ಕೂ ಬೇರೆ ಬೇರೆ ಆಂಪ್ಲಿಫೈಯರ್, ಎರಡು ಕೆಜಿಗೆ ಹತ್ತಿರದ ಗಟ್ಟಿ ಮೈ. ಮಲಗುವ ಕೋಣೆಗೆ ಧಾರಾಳವಾಗಿ ಸಾಕು. ವರ್ಷ ಕಳೆದಂತೆ ಕಾಡುವುದು ಹಾಡು ನಡುವೆ ನಿಲ್ಲುವುದು, ಆ್ಯಪ್‌ನಲ್ಲಿ ಸ್ಪೀಕರ್ ಕಾಣದೇ ಹೋಗುವುದು. ಇಷ್ಟಕ್ಕೇ ಬೇಸತ್ತು ಮಾರಬೇಡಿ. ಗಂಟು ಬಿದ್ದಿರುವುದು ಹೆಚ್ಚಾಗಿ ಹೊಸ ರೂಟರಿನ ಸೆಟ್ಟಿಂಗ್‌ನಲ್ಲಿ.

ಈ ಸ್ಪೀಕರಿಗೆ ಗೊತ್ತಿರುವುದು ವೈಫೈನ 2.4 ಗಿಗಾಹರ್ಟ್ಸ್ ತರಂಗ ಮಾತ್ರ, ಅದೂ 802.11 ಬಿ/ಜಿ ಎಂಬ ಹಳೆಯ ತಲೆಮಾರಿನದು. ರೂಟರ್ 'ಎನ್ ಮಾತ್ರ' (ಮುಂದಿನ ತಲೆಮಾರು) ಎಂದಿದ್ದರೆ ಅಥವಾ ಭದ್ರತೆ ಡಬ್ಲ್ಯುಪಿಎ3 (ವೈಫೈ ಪಾಸ್‌ವರ್ಡ್ ರಕ್ಷಣೆಯ ಹೊಸ ಬಗೆ) ಮಾತ್ರ ಎಂದಿದ್ದರೆ ಇದು ಬಾಗಿಲಲ್ಲೇ ನಿಲ್ಲುತ್ತದೆ. 2.4ರ ವೈಫೈಗೆ ಬೇರೆ ಹೆಸರು ಕೊಡಿ, ಭದ್ರತೆ ಡಬ್ಲ್ಯುಪಿಎ2 ಇಡಿ, ಚಾನೆಲ್ ಅಗಲ 20 ಮೆಗಾಹರ್ಟ್ಸ್, ಚಾನೆಲ್ 1, 6, 11ರಲ್ಲಿ ಒಂದು. ಚಾನೆಲನ್ನು 'ಆಟೋ'ದಲ್ಲೇ ಬಿಟ್ಟರೆ ಅಪಾರ್ಟ್‌ಮೆಂಟ್‌ಗಳಲ್ಲಿ ರೂಟರ್ ಚಾನೆಲ್ ಬದಲಿಸುತ್ತಲೇ ಇರುತ್ತದೆ, ಪ್ರತಿ ಸಲವೂ ಹಾಡು ತುಂಡಾಗುತ್ತದೆ.

ಸ್ಪೀಕರ್ ಹಾಡುತ್ತಿದ್ದರೂ ಆ್ಯಪ್‌ಗೆ ಕಾಣದಿದ್ದರೆ ಅದು ಬೇರೆಯೇ ರೋಗ. ಆ್ಯಪ್ ಸ್ಪೀಕರನ್ನು ಹುಡುಕುವುದು ಮಲ್ಟಿಕಾಸ್ಟ್ ಸಂದೇಶದಿಂದ, ಅಂದರೆ ಹಲವು ಸಾಧನಗಳಿಗೆ ಒಟ್ಟಿಗೆ ಕೂಗುವ ಕರೆಯಿಂದ. ಅದು ಒಂದೇ ನೆಟ್‌ವರ್ಕಿನೊಳಗೆ ಮಾತ್ರ ಓಡಾಡುತ್ತದೆ. ನಮ್ಮಲ್ಲಿ ಫೈಬರ್ ಕಂಪನಿಯವರು ಕೊಟ್ಟ ಡಬ್ಬಿಯೂ ವೈಫೈ ಹರಡುತ್ತಿರುತ್ತದೆ, ಅದರ ಹಿಂದೆ ನಾವು ಕೊಂಡ ರೂಟರೂ ಇರುತ್ತದೆ. ಸ್ಪೀಕರ್ ಒಂದರಲ್ಲಿ, ಫೋನ್ ಇನ್ನೊಂದರಲ್ಲಿ. ಫೋನಿನ ಐಪಿ (ನೆಟ್‌ವರ್ಕ್ ವಿಳಾಸ) 192.168.0 ಎಂದೂ ಸ್ಪೀಕರಿನದು 192.168.1 ಎಂದೂ ಶುರುವಾದರೆ ಕಳ್ಳ ಸಿಕ್ಕ ಹಾಗೆ. ನಿಮ್ಮ ರೂಟರನ್ನು ವೈಫೈ ಹರಡುವುದಷ್ಟೇ ಮಾಡುವ ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ, ಐಪಿ ಹಂಚುವ ಕೆಲಸ ಒಂದೇ ಡಬ್ಬಿಗೆ ಬಿಡಿ. ಫೋನ್ 5 ಗಿಗಾಹರ್ಟ್ಸ್‌ನಲ್ಲಿದ್ದರೂ ಅಡ್ಡಿಯಿಲ್ಲ, ನೆಟ್‌ವರ್ಕ್ ಒಂದೇ ಆಗಿರಬೇಕು ಅಷ್ಟೆ. ಗೆಸ್ಟ್ ವೈಫೈ, ಎಪಿ ಐಸೊಲೇಶನ್ (ಸಾಧನಗಳು ಒಂದನ್ನೊಂದು ಕಾಣದಂತೆ ತಡೆಯುವ ಸೆಟ್ಟಿಂಗ್), ಫೋನಿನ ವಿಪಿಎನ್ ಇವನ್ನೂ ಆಫ್ ಮಾಡಿ. ಐಫೋನ್‌ನಲ್ಲಿ ಲೋಕಲ್ ನೆಟ್‌ವರ್ಕ್ ಅನುಮತಿ ಕೊಟ್ಟಿದೆಯೇ ನೋಡಿ.

ಕರೆಂಟ್ ಹೋಗಿ ಬಂದಾಗ ಸ್ಪೀಕರ್ ಮಾಯವಾದರೆ ರೂಟರ್, ಸ್ಪೀಕರ್ ಎರಡೂ ಆಫ್ ಮಾಡಿ, ಮೊದಲು ರೂಟರ್ ಹಾಕಿ, ಅದರ ಇಂಟರ್ನೆಟ್ ದೀಪ ಸ್ಥಿರವಾದ ಮೇಲೆ ಸ್ಪೀಕರ್ ಹಾಕಿ. ರೂಟರಿನಲ್ಲಿ ಸ್ಪೀಕರಿಗೆ ಒಂದು ಐಪಿ ಕಾದಿರಿಸಿದರೆ ಈ ಗೋಳು ಮರುಕಳಿಸುವುದು ಕಡಿಮೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಮದ್ದು ಕೇಬಲ್. ಸ್ಪೀಕರಿನ ಬೆನ್ನಿನಲ್ಲಿ ನೆಟ್‌ವರ್ಕ್ ಕೇಬಲ್ ಚುಚ್ಚುವ ಈಥರ್ನೆಟ್ ಕಿಂಡಿ ಇದೆ. ಮನೆಯಲ್ಲಿ ಎರಡು ಮೂರು ಪ್ಲೇ:1 ಇದ್ದರೆ ಒಂದನ್ನು ರೂಟರಿಗೆ ಕೇಬಲ್‌ನಿಂದ ಕಟ್ಟಿ, ಉಳಿದವು ವೈಫೈ ಬಿಟ್ಟು ತಮ್ಮದೇ ಸೋನೋಸ್‌ನೆಟ್ ಜಾಲದಲ್ಲಿ ಸೇರಿಕೊಳ್ಳುತ್ತವೆ. ಆ್ಯಪ್‌ನ ಅಬೌಟ್ ಪುಟದಲ್ಲಿ 'ಡಬ್ಲ್ಯುಎಂ: 0' ಎಂದು ಕಂಡರೆ ಕೆಲಸ ಆಯಿತು, 1 ಇದ್ದರೆ ಇನ್ನೂ ವೈಫೈನಲ್ಲೇ ಇದೆ. ಸೋನೋಸ್‌ನೆಟ್ ಚಾನೆಲ್ ರೂಟರಿನ 2.4 ಚಾನೆಲ್‌ಗಿಂತ ಬೇರೆ ಇರಲಿ. ಒಂದಕ್ಕಿಂತ ಹೆಚ್ಚು ಸ್ಪೀಕರಿಗೆ ಕೇಬಲ್ ಹಾಕುವಾಗ ಮಾತ್ರ ಎಚ್ಚರ: ಕೇಬಲ್ ಹಂಚುವ ಕೆಲವು ನೆಟ್‌ವರ್ಕ್ ಸ್ವಿಚ್‌ಗಳಲ್ಲಿ ಸಂದೇಶಗಳು ಸುತ್ತು ಹೊಡೆಯತೊಡಗಿ ಇಡೀ ಮನೆಯ ನೆಟ್ ಕೂರುತ್ತದೆ.

ಫ್ಯಾಕ್ಟರಿ ರಿಸೆಟ್ ಕೊನೆಯ ಮೆಟ್ಟಿಲು, ಇರುವುದು ಒಂದೇ ಸ್ಪೀಕರ್ ಆದರೆ ಉಳಿಸಿದ ಪ್ಲೇಲಿಸ್ಟೂ ಅಳಿಸಿಹೋಗುತ್ತದೆ. ಕರೆಂಟ್ ವೈರ್ ಕಿತ್ತು, ಪ್ಲೇ ಗುಂಡಿ ಒತ್ತಿ ಹಿಡಿದೇ ಮತ್ತೆ ಚುಚ್ಚಿ. ದೀಪ ಕಿತ್ತಳೆ-ಬಿಳಿ ಮಿನುಗಿದಾಗ ಬೆರಳು ತೆಗೆಯಿರಿ, ಹಸಿರು ಮಿನುಗಿದರೆ ಹೊಸದಾಗಿ ಜೋಡಿಸಬಹುದು.

ಬ್ಲೂಟೂತ್ ಇಲ್ಲ, ಫೋನಿಗೆ ವೈರ್ ಜೋಡಿಸುವ ಆಕ್ಸ್ ಕಿಂಡಿಯೂ ಇಲ್ಲ, ಹಾಗಾಗಿ ನೆಟ್‌ವರ್ಕ್ ಕೆಟ್ಟರೆ ಬೇರೆ ದಾರಿಯಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಒಂದು ಮೀಟರ್ ಕೇಬಲ್ ಜೊತೆಗೊಯ್ದು, ಅಲ್ಲೇ ರೂಟರಿಗೆ ಚುಚ್ಚಿ ಹಾಡಿಸಿ ನೋಡಿಯೇ ಹಣ ಕೊಡಿ. ಕಿಂಡಿ ಸತ್ತಿದ್ದರೆ ದರ ಎಷ್ಟೇ ಇಳಿಸಿದರೂ ಬಿಟ್ಟು ಬನ್ನಿ.