ಜಿರಾ ಸರ್ವಿಸ್ ಮ್ಯಾನೇಜ್‌ಮೆಂಟ್‌ನಲ್ಲಿ ಟಿಕೆಟ್ ಕ್ಲೋನ್ ಮಾಡುವವರಿಗೆ

ಜಿರಾ ಸರ್ವಿಸ್ ಮ್ಯಾನೇಜ್‌ಮೆಂಟ್ ಎಂದರೆ ಜನರ ದೂರು, ಬೇಡಿಕೆಗಳನ್ನು ಒಂದೊಂದು ಟಿಕೆಟ್ ಆಗಿ ದಾಖಲಿಸಿ ನೋಡಿಕೊಳ್ಳುವ ಸಾಫ್ಟ್‌ವೇರ್. ಅಟ್ಲಾಸಿಯನ್ ಕಂಪನಿ ಇದನ್ನು 2013ರಲ್ಲಿ ಜಿರಾ ಸರ್ವಿಸ್ ಡೆಸ್ಕ್ ಎಂಬ ಹೆಸರಲ್ಲಿ ತಂದಿತು. 2020ರಲ್ಲಿ ಈಗಿನ ಹೆಸರು ಬಂತು. ನಮ್ಮ ಐಟಿ ಸಪೋರ್ಟ್ ಟೀಮ್ ಹಳೇ ಹೆಸರಿನ ಕಾಲದಿಂದಲೂ ಇದನ್ನೇ ಬಳಸುತ್ತಿದೆ. ಮೊದಲು ಸರ್ವರ್ ಆವೃತ್ತಿ, 2024ರ ಫೆಬ್ರವರಿಯಲ್ಲಿ ಅದರ ಸಪೋರ್ಟ್ ನಿಂತದ್ದರಿಂದ ಈಗ ಡೇಟಾ ಸೆಂಟರ್ ಆವೃತ್ತಿ. ಇಡೀ ಸಾಫ್ಟ್‌ವೇರ್ ಬಗ್ಗೆ ಬರೆಯಲು ಹೋದರೆ ಮುಗಿಯುವುದಿಲ್ಲ. ಕ್ಲೋನ್, ಅಂದರೆ ಟಿಕೆಟ್‌ನ ನಕಲು ಮಾಡುವುದರ ಬಗ್ಗೆ ಮಾತ್ರ ಹೇಳುತ್ತೇನೆ.

ಮಾಡುವುದು ಸುಲಭ. ಟಿಕೆಟ್ ತೆರೆದು ‘ಮೋರ್’ ಮೆನುವಿನಲ್ಲಿ ‘ಕ್ಲೋನ್’ ಒತ್ತಿದರೆ ಸಾಕು. ಅಟ್ಯಾಚ್‌ಮೆಂಟ್ ಬೇಕಾ, ಲಿಂಕ್ ಬೇಕಾ ಎಂದು ಕೇಳುತ್ತದೆ. ಹಳೇದಕ್ಕೂ ಹೊಸದಕ್ಕೂ ತಾನೇ ಲಿಂಕ್ ಹಾಕುತ್ತದೆ. ಶೀರ್ಷಿಕೆಯ ಮುಂದೆ ‘ಕ್ಲೋನ್’ ಎಂಬ ಪದವನ್ನೂ ಸೇರಿಸುತ್ತದೆ. ಅದನ್ನು ಅಲ್ಲೇ ಅಳಿಸಿಬಿಡಿ. ಇಲ್ಲದಿದ್ದರೆ ಕ್ಲೋನ್ ಕ್ಲೋನ್ ಕ್ಲೋನ್ ಎಂದು ಕ್ಯೂನಲ್ಲಿ ರೈಲು ಬೋಗಿ ನಿಂತಂತೆ ಕಾಣುತ್ತದೆ.

ಸೋಮವಾರ ಹೊಸದಾಗಿ ಸೇರುವವರಿಗೆ ಲ್ಯಾಪ್‌ಟಾಪ್, ಮೇಲ್ ಐಡಿ, ವಿಪಿಎನ್ ಕೊಡುವಂಥ ಕೆಲಸಕ್ಕೆ ಇದು ಹೇಳಿ ಮಾಡಿಸಿದ್ದು. ಒಂದು ಟಿಕೆಟ್ ಸರಿಯಾಗಿ ತುಂಬಿ, ಉಳಿದವರಿಗೆ ಹೆಸರು ಬದಲಿಸಿದರೆ ಆಯಿತು. ಆದರೆ ಒಂದೊಂದಾಗಿಯೇ ಮಾಡಬೇಕು. ಹಲವು ಟಿಕೆಟ್‌ಗಳನ್ನು ಒಟ್ಟಿಗೆ ಬದಲಿಸುವ ಬಲ್ಕ್ ಚೇಂಜ್‌ನಲ್ಲಿ ಕ್ಲೋನ್ ಇಲ್ಲ.

ತೊಂದರೆ ಬರುವುದು ಒಬ್ಬರ ಸಮಸ್ಯೆಯನ್ನು ಎರಡು ಮಾಡಿ ಹಂಚುವಾಗ. ಒಬ್ಬರು ‘ವಿಪಿಎನ್ ಕಟ್ ಆಗ್ತಿದೆ’ ಎಂದು ಟಿಕೆಟ್ ಹಾಕುತ್ತಾರೆ. ಆಮೇಲೆ ಕಾಮೆಂಟ್‌ನಲ್ಲಿ, ‘ಅಂದ ಹಾಗೆ ಪ್ರಿಂಟರ್ ಕೂಡ ಬರ್ತಿಲ್ಲ ಸರ್, ಮೂರನೇ ಮಹಡಿದು, ಆಫ್ ಮಾಡಿ ಆನ್ ಮಾಡಿದ್ರೆ ಒಂದು ಪೇಜ್ ಬಂದು ನಿಲ್ಲುತ್ತೆ’ ಎನ್ನುತ್ತಾರೆ. ಪ್ರಿಂಟರ್ ನೋಡುವವರಿಗೆಂದು ಟಿಕೆಟ್ ಕ್ಲೋನ್ ಮಾಡುತ್ತೀರಿ. ಕಾಮೆಂಟ್‌ಗಳು ಬರುವುದಿಲ್ಲ, ಹಿಸ್ಟರಿಯೂ ಬರುವುದಿಲ್ಲ. ಪ್ರಿಂಟರ್ ಟಿಕೆಟ್‌ನಲ್ಲಿ ವಿಪಿಎನ್ ವಿವರಣೆ ಇರುತ್ತದೆ, ಪ್ರಿಂಟರ್ ಮಾತು ಮಾತ್ರ ಇರುವುದಿಲ್ಲ! ಅದನ್ನು ತೆಗೆದುಕೊಂಡವರು ಮತ್ತೆ ದೂರು ಕೊಟ್ಟವರನ್ನೇ ‘ಏನು ಸಮಸ್ಯೆ?’ ಎಂದು ಕೇಳುತ್ತಾರೆ. ಕೋಪ ಬರುತ್ತೆ ಅಲ್ವಾ?

ಇನ್ನೊಂದು ಎಸ್‌ಎಲ್‌ಎ, ಅಂದರೆ ಇಷ್ಟು ಹೊತ್ತಿನೊಳಗೆ ಉತ್ತರ ಕೊಡುತ್ತೇವೆ, ಸರಿ ಮಾಡುತ್ತೇವೆ ಎಂದು ಒಪ್ಪಿಕೊಂಡ ಗಡುವು. ಟಿಕೆಟ್ ಹುಟ್ಟಿದಾಗಿನಿಂದ ಗಡಿಯಾರ ಓಡುವಂತೆ ಇಟ್ಟಿದ್ದರೆ, ಕ್ಲೋನ್‌ಗೆ ಅದು ಹೊಸದಾಗಿ ಶುರುವಾಗುತ್ತದೆ. ಎರಡು ದಿನ ಕಾದವರ ಟಿಕೆಟ್ ಈಗಷ್ಟೇ ಬಂದ ಹಾಗೆ ಹಸಿರಾಗಿ ಕಾಣುತ್ತದೆ. ತಿಂಗಳ ರಿಪೋರ್ಟ್‌ನಲ್ಲಿ ನಮ್ಮ ಟೀಮ್ ತುಂಬಾ ಚುರುಕು! ಮ್ಯಾನೇಜರ್‌ಗೆ ಖುಷಿ, ಕಾದವರಿಗಲ್ಲ. ಅದಕ್ಕೇ ಈಗ ಮೂಲ ಟಿಕೆಟ್‌ನ ತಾರೀಖು ಮತ್ತು ಬೇಕಾದ ಕಾಮೆಂಟನ್ನು ಕ್ಲೋನ್‌ನ ವಿವರಣೆಯ ಮೊದಲ ಸಾಲಿಗೆ ನಾವೇ ಪೇಸ್ಟ್ ಮಾಡುತ್ತೇವೆ.

ರಿಪೋರ್ಟರ್, ಅಂದರೆ ದೂರು ಕೊಟ್ಟವರ ಹೆಸರನ್ನೂ ನೋಡಿಕೊಳ್ಳಿ. ಅದನ್ನು ಬದಲಿಸುವ ಪರ್ಮಿಷನ್ ನಿಮಗಿಲ್ಲದಿದ್ದರೆ ಕ್ಲೋನ್‌ನಲ್ಲಿ ರಿಪೋರ್ಟರ್ ನೀವೇ ಆಗುತ್ತೀರಿ. ನೀವು ಬರೆದ ಉತ್ತರ ದೂರು ಕೊಟ್ಟವರಿಗೆ ತಲುಪುವುದೇ ಇಲ್ಲ. ಆ ಪರ್ಮಿಷನ್ ಅನ್ನು ಅಡ್ಮಿನ್ ಹತ್ತಿರ ಮೊದಲೇ ಕೇಳಿ ಹಾಕಿಸಿಕೊಳ್ಳಿ.

ವೈಫೈ ಹೋದಾಗ ಇಡೀ ಮಹಡಿಯವರು ಟಿಕೆಟ್ ಹಾಕುತ್ತಾರಲ್ಲ, ಅದು ಬೇರೆ ಕಥೆ. ಅಲ್ಲಿ ಕ್ಲೋನ್ ಮುಟ್ಟಬೇಡಿ. ಒಂದನ್ನು ಇಟ್ಟುಕೊಂಡು ಉಳಿದವಕ್ಕೆ ‘ಡುಪ್ಲಿಕೇಟ್ಸ್’ ಲಿಂಕ್ ಹಾಕಿ, ಡುಪ್ಲಿಕೇಟ್ ಎಂದು ಮುಚ್ಚಿ. ಮುಚ್ಚುವ ಮುಂಚೆ ಮೂಲ ಟಿಕೆಟ್ ನಂಬರ್ ಹಾಕಿ ಒಂದು ಸಾಲು ಬರೆಯಿರಿ. ಇಲ್ಲದಿದ್ದರೆ ‘ನನ್ನದು ಯಾಕೆ ಕ್ಲೋಸ್ ಮಾಡಿದ್ರಿ?’ ಎಂದು ಇನ್ನೊಂದು ಟಿಕೆಟ್ ಬರುತ್ತದೆ.

ಐದಕ್ಕೆ ನಾಲ್ಕು ಸ್ಟಾರ್. ಕ್ಲೋನ್ ಮಾಡುವಾಗ ಕಾಮೆಂಟ್ ಕೂಡ ಆರಿಸಿಕೊಳ್ಳಲು ಬಿಟ್ಟಿದ್ದರೆ ಐದೂ ಕೊಡುತ್ತಿದ್ದೆ.