ಹಳೆಯ ವಾಲ್ವ್ ಕೊಳ್ಳುವವರೇ, ಮೊದಲಕ್ಷರ ನೋಡಿಕೊಳ್ಳಿ

ಹಳೆಯ ರೇಡಿಯೊ, ರೇಡಿಯೋಗ್ರಾಮ್ ರಿಪೇರಿಗೆಂದು ವಾಲ್ವ್ (ಸೆಟ್ಟಿನೊಳಗೆ ಕೆಂಪಗೆ ಉರಿಯುವ ಗಾಜಿನ ಕೊಳವೆ) ಹುಡುಕುತ್ತಿರುವವರು ದಯವಿಟ್ಟು ಇದನ್ನು ಓದಿ. ನಾನು 3,600 ರೂಪಾಯಿ ಕಳೆದುಕೊಂಡಿದ್ದೇನೆ. ದುಡ್ಡು ಹೋದದ್ದಕ್ಕಿಂತ, ಮೋಸ ಹೋದ ರೀತಿ ನೆನೆದರೆ ಮೈ ಉರಿಯುತ್ತದೆ.

ಬದಿಯಡ್ಕದ ನಮ್ಮ ಮನೆಯಲ್ಲಿ ಅಜ್ಜನ ರೇಡಿಯೋಗ್ರಾಮ್ ಇದೆ. ಮಂಗಳೂರು ಆಕಾಶವಾಣಿಯ ಯಕ್ಷಗಾನವನ್ನು ಅಮ್ಮ ಕೇಳುತ್ತಿದ್ದುದು ಅದರಲ್ಲೇ. ಹತ್ತು ವರ್ಷದಿಂದ ಅದು ಮೂಕವಾಗಿತ್ತು. ಕುಂಬಳೆಯ ಹಿರಿಯ ಮೆಕ್ಯಾನಿಕರೊಬ್ಬರು ಸೋರುತ್ತಿದ್ದ ಪೇಪರ್ ಕಂಡೆನ್ಸರ್‌ಗಳನ್ನೆಲ್ಲ ಬದಲಿಸಿ, "ಮಾಸ್ತರೇ, ಔಟ್‌ಪುಟ್ ವಾಲ್ವ್ ಸತ್ತಿದೆ. ಇಸಿಎಲ್ 82 ಒಂದು ಸಿಕ್ಕಿದರೆ ಹಾಡುತ್ತದೆ" ಎಂದರು.

ಕಾಸರಗೋಡಿನಲ್ಲಿ ಸಿಗಲಿಲ್ಲ, ಕಣ್ಣೂರಿನಲ್ಲಿ ಸಿಗಲಿಲ್ಲ. ಕೊನೆಗೆ ಯಾರೋ ಮಂಗಳೂರಿನ ಒಬ್ಬನ ನಂಬರು ಕೊಟ್ಟರು. ನಮ್ಮ ಕಡೆ ಅಂಗಡಿ, ಕಚೇರಿ ಎಲ್ಲೆಡೆ ಮಲಯಾಳದಲ್ಲೇ ವ್ಯವಹಾರ. ಫೋನಿನ ಆಚೆಯಿಂದ ಅಚ್ಚ ಕನ್ನಡ ಕೇಳಿದರೆ ಮನಸ್ಸು ಕರಗುತ್ತದೆ. ನನ್ನ ಮನಸ್ಸೂ ಕರಗಿತು. "ಬೆಂಗಳೂರಿನ ಬಿಇಎಲ್ ಕಾರ್ಖಾನೆಯದು ಮಾಸ್ತರೇ, ಪೆಟ್ಟಿಗೆ ಒಡೆಯದ ಮಾಲು. ನಿಮಗೆ ಮೋಸ ಮಾಡಿ ನಾನು ಎಲ್ಲಿಗೆ ಹೋಗಲಿಕ್ಕಿದೆ?" ಎಂದ. ವಾಲ್ವ್ ಉರಿಯುವ ವಿಡಿಯೊ ಕೂಡ ಕಳುಹಿಸಿದ. ಒಂದಕ್ಕೆ 1,800. ಒಂದು ಹಾಕಲು, ಒಂದು ಇಟ್ಟುಕೊಳ್ಳಲು ಎಂದು ಎರಡಕ್ಕೂ ಮುಂಗಡವಾಗಿಯೇ ಹಣ ಹಾಕಿದೆ. ಕಟ್ಟು ಬಂದ ದಿನ, ಪರೀಕ್ಷಿಸುವ ಮೊದಲೇ, "ತಲುಪಿತು, ಧನ್ಯವಾದ" ಎಂದು ಬರೆದೆ. ಅದೇ ನನ್ನ ಕುತ್ತಿಗೆಗೆ ಬಂತು.

ಮೆಕ್ಯಾನಿಕರು ವಾಲ್ವ್ ಹಾಕಿ ಸ್ವಿಚ್ ಒತ್ತಿದರು. ಉಳಿದ ವಾಲ್ವ್‌ಗಳು ಒಂದೊಂದಾಗಿ ಕೆಂಡದ ಬಣ್ಣಕ್ಕೆ ತಿರುಗಿದವು. ಹೊಸದು ಮಾತ್ರ ಕಪ್ಪಗೆ ಕುಳಿತಿತ್ತು. ಕೋಣೆಯ ದೀಪ ಆರಿಸಿ ನೋಡಿದಾಗ ಒಳಗೆ ಊದುಬತ್ತಿಯ ತುದಿಯಷ್ಟೂ ಬೆಳಕಿಲ್ಲ. ಐದು ನಿಮಿಷ ಕಾದೆವು. ಶಬ್ದವಿಲ್ಲ. ಎರಡನೆಯದನ್ನು ಹಾಕಿದೆವು, ಅದೂ ಹಾಗೆಯೇ. ಮೀಟರ್ ಹಿಡಿದರೆ ಹೀಟರಿಗೆ, ಅಂದರೆ ವಾಲ್ವನ್ನು ಒಳಗಿನಿಂದ ಬಿಸಿ ಮಾಡುವ ತಂತಿಗೆ, 6.4 ವೋಲ್ಟ್ ಸರಿಯಾಗಿಯೇ ಬರುತ್ತಿದೆ. ಆದರೆ ಮುಕ್ಕಾಲು ಆಂಪಿಯರಿಗಿಂತ ತುಸು ಹೆಚ್ಚು ಎಳೆಯಬೇಕಾದ ವಾಲ್ವ್ ಕಾಲು ಆಂಪಿಯರನ್ನೂ ಎಳೆಯುತ್ತಿಲ್ಲ.

ಅವರು ವಾಲ್ವನ್ನು ಬಟ್ಟೆಯಲ್ಲಿ ಹಿಡಿದು ಕಿತ್ತರು. ತಣಿದ ಮೇಲೆ ಗಾಜಿಗೆ ಬಾಯಿಂದ ಹಬೆ ಊದಿ ನನ್ನ ಕಣ್ಣ ಮುಂದೆ ಹಿಡಿದರು. ಬಿಳಿ ಬಣ್ಣದಲ್ಲಿ ಹೊಸದಾಗಿ ಅಚ್ಚಾದ 'ಇಸಿಎಲ್' ಪಕ್ಕದಲ್ಲಿ, ಉಜ್ಜಿ ತೆಗೆದ ಹಳೆಯ ಅಕ್ಷರಗಳು ಹಬೆಯಲ್ಲಿ ಎದ್ದವು: ಪಿಸಿಎಲ್ 82. ಹಳೆಯ ಟಿವಿಯ ವಾಲ್ವ್! ಒಳಗಿನ ರಚನೆ ಅದೇ, ಕಾಲುಗಳ ಜೋಡಣೆಯೂ ಅದೇ, ಹೀಟರಿಗೆ ಮಾತ್ರ 16 ವೋಲ್ಟ್ ಬೇಕು. ಆರು ವೋಲ್ಟಿನಲ್ಲಿ ಅದು ಹೇಗೆ ಕಾಯಬೇಕು? ಅವನ ವಿಡಿಯೊದಲ್ಲಿ ವಾಲ್ವ್ ಮಾತ್ರ ಇತ್ತು, ಎಷ್ಟು ವೋಲ್ಟ್ ಕೊಟ್ಟಿದ್ದಾನೆಂದು ಕಾಣುತ್ತಿರಲಿಲ್ಲ. ನಾನು ಕೇಳಲೂ ಇಲ್ಲ.

ಫೋನ್ ಮಾಡಿದೆ. "ನಿಮ್ಮ ಟ್ರಾನ್ಸ್‌ಫಾರ್ಮರ್ ಸೋತಿದೆ" ಎಂದ. ಮೀಟರಿನ ಫೋಟೊ ಕಳುಹಿಸಿದೆ. "ನಿಮ್ಮ ಮೆಕ್ಯಾನಿಕರಿಗೆ ಗೊತ್ತಿಲ್ಲ" ಎಂದ. ಐವತ್ತು ವರ್ಷ ರೇಡಿಯೊ ಬಿಚ್ಚಿದವರಿಗೆ ಗೊತ್ತಿಲ್ಲವಂತೆ! ಹಬೆ ಊದಿದ ಗಾಜಿನ ಫೋಟೊ ಕಳುಹಿಸಿದೆ. ಆಗ ಬಂದ ಉತ್ತರ: "ಹಳೆಯ ಸಾಮಾನಿಗೆ ಗ್ಯಾರಂಟಿ ಯಾರು ಕೊಡುತ್ತಾರೆ? ನೀವೇ ಧನ್ಯವಾದ ಹೇಳಿದ್ದೀರಲ್ಲ." ನನ್ನದೇ ಸಂದೇಶವನ್ನು ನನಗೇ ತಿರುಗಿಸಿ ಕಳುಹಿಸಿದ್ದ. ಹಣ ಬೇಡ, ಸರಿಯಾದ ಒಂದು ವಾಲ್ವ್ ಕೊಡು ಎಂದೂ ಬೇಡಿಕೊಂಡೆ. ಬೇಡಿಕೊಂಡೆನಲ್ಲ ಎಂದು ಈಗ ನಾಚಿಕೆಯಾಗುತ್ತದೆ.

ಹೆಸರಿನ ಮೊದಲಕ್ಷರವೇ ಹೀಟರಿನ ಲೆಕ್ಕ. 'ಇ' ಎಂದರೆ 6.3 ವೋಲ್ಟ್, 'ಪಿ' ಎಂದರೆ 300 ಮಿಲಿಆಂಪಿಯರ್, 'ಯು' ಎಂದರೆ 100. ಅಚ್ಚು ಅಳಿಸಿದ್ದರೆ ಅದೊಂದರಿಂದಲೇ ನಕಲಿ ಎನ್ನಬೇಡಿ, ಅಸಲಿಯದೂ ಬೆರಳು ತಾಗಿದರೆ ಅಳಿಸುತ್ತದೆ. ಹಬೆ ಊದಿ ನೋಡಿ. ವಿಡಿಯೊ ಕೇಳುವುದಾದರೆ ಮೀಟರ್ ಜೊತೆಗೇ ಕಾಣಬೇಕು ಎನ್ನಿ. ಸೆಟ್ಟಿಗೆ ಹಾಕಿ ಹಾಡಿಸುವವರೆಗೆ ಧನ್ಯವಾದ ಬರೆಯಬೇಡಿ. ಕನ್ನಡ ಮಾತನಾಡಿದ ಎಂದು ಮುಂಗಡ ಕೊಡಬೇಡಿ, ದಯವಿಟ್ಟು ಕೊಡಬೇಡಿ.

ಬೇರೆ 16 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಇಟ್ಟು ಇವನ್ನೇ ಉರಿಸಬಹುದು ಎಂದು ಮೆಕ್ಯಾನಿಕರು ಹೇಳುತ್ತಾರೆ. ಅಜ್ಜನ ಪೆಟ್ಟಿಗೆಯೊಳಗೆ ಅವನ ಮಾಲು ಇಡಲು ನನಗೆ ಮನಸ್ಸಿಲ್ಲ. "ಯಾವಾಗ ಹಾಡುತ್ತದೆ ಮಗಾ?" ಎಂದು ಅಮ್ಮ ನಿನ್ನೆಯೂ ಕೇಳಿದರು. ಅವನಿಗೆ ಕಳುಹಿಸುವ ಸಂದೇಶಕ್ಕೆ ಈಗ ಒಂದೇ ಟಿಕ್ ಬೀಳುತ್ತದೆ.