ಎಲೆಚುಕ್ಕಿಯ ಜಾಡು ಹಿಡಿಯಲು ಯಾವ ಆಪ್?

ಅಡಿಕೆಯ ಎಲೆಚುಕ್ಕಿ ರೋಗ ಯಾವ ಮಗ್ಗುಲಿಂದ ಬರುತ್ತಿದೆ ಎಂದು ಅಕ್ಕಪಕ್ಕದ ತೋಟದವರು ಸೇರಿ ನಕ್ಷೆ ಮಾಡಿಕೊಳ್ಳುವುದಾದರೆ ಎಪಿಕಲೆಕ್ಟ್5 ಎಂಬ ಮಾಹಿತಿ ಸಂಗ್ರಹದ ಆಪ್ ಹಾಕಿಕೊಳ್ಳಿ. ಉಳಿದವನ್ನೂ ಬಳಸಿ ನೋಡಿಯೇ ಹೇಳುತ್ತಿದ್ದೇನೆ.

ಮೊದಲು ಹಾಕಿಕೊಂಡದ್ದು ಫೋಟೋ ನೋಡಿ ರೋಗದ ಹೆಸರು ಹೇಳುವ ಆಪ್. ಯಾವುದೆಂದು ಕೇಳಬೇಡಿ. ಕನ್ನಡ ಚೆನ್ನಾಗಿದೆ, ಉತ್ತರವೂ ಬೇಗ ಬರುತ್ತದೆ. ದೋಟಿಯಲ್ಲಿ ಒಂದು ಅಡಿಸೋಗೆ (ಮರದ ಕೆಳಗಿನ ಎಲೆ) ಇಳಿಸಿ, ಹಳದಿ ಅಂಚಿನ ಕಂದು ಚುಕ್ಕಿ ಸ್ಪಷ್ಟವಾಗಿ ಕಾಣುವಂತೆ ತೆಗೆದ ಫೋಟೋಗೆ ಪೊಟ್ಯಾಷ್ ಕೊರತೆ ಎಂದಿತು. ಹೋಗಲಿ, ಪೊಟ್ಯಾಷ್ ಕಡಿಮೆಯಾದರೂ ಹಳೇ ಸೋಗೆಯಲ್ಲಿ ಹಳದಿ ಚುಕ್ಕಿ ಬೀಳುವುದುಂಟು.

ತಲೆ ಕೆಡಿಸಿದ್ದು ಜಾಗದ ಎಡವಟ್ಟು. ನಮ್ಮ ತೋಟ ಗುಡ್ಡದ ಬುಡದಲ್ಲಿದೆ, ಅಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಮನೆಗೆ ಹತ್ತಿ ಬಂದು ಫೋಟೋ ಕಳಿಸಿದರೆ ಅಂಗಳದ ಜಾಗವೇ ದಾಖಲಾಗುತ್ತದೆ. ಪಕ್ಕದ ಮನೆ ಭಾವ ಕಳಿಸುವುದೂ ಅವರ ಜಗಲಿಯಿಂದಲೇ. ನಕ್ಷೆ ತೆರೆದರೆ ರೋಗವೆಲ್ಲ ಹೆಂಚಿನ ಮೇಲೆ, ತೋಟದಲ್ಲಿ ಏನೂ ಇಲ್ಲ!

ಶಿಲೀಂಧ್ರದ ಬೀಜಕಣ ಮಳೆಹನಿಯ ಸಿಡಿತಕ್ಕೆ, ಗಾಳಿಗೆ ಮರದಿಂದ ಮರಕ್ಕೆ ಹಾರುವ ರೋಗವಿದು. ಯಾವ ಸಾಲಿನಲ್ಲಿ ಶುರುವಾಯಿತೆಂದೇ ತಿಳಿಯದಿದ್ದರೆ ಯಾವ ಮರದ ಸೋಗೆ ಕಡಿದು ಸುಡುವುದು? ಜಾಗವನ್ನು ಕೈಯಾರೆ ತಿದ್ದೋಣವೆಂದರೆ ಅದಕ್ಕೂ ದಾರಿ ಕಾಣಲಿಲ್ಲ.

ವಾಟ್ಸಾಪ್ ಗುಂಪಿನಲ್ಲಿ ಮಾಮೂಲಿಯಾಗಿ ಫೋಟೋ ಹಾಕಿದರೆ ಅದರೊಳಗಿನ ಜಿಪಿಎಸ್ ಗುರುತು ಅಳಿಸಿಹೋಗುತ್ತದೆ. ಅಲ್ಲಿಗೆ ಆ ಮಾತು ಮುಗಿಯಿತು.

ಕಂಡ ಜೀವಿಯ ಫೋಟೋ, ಜಾಗ ದಾಖಲಿಸುವ ಐನ್ಯಾಚುರಲಿಸ್ಟ್ ಆಪ್ ಹಕ್ಕಿ, ಚಿಟ್ಟೆಗೆ ಬಹಳ ಒಳ್ಳೆಯದು. ಆದರೆ ಅಲ್ಲಿ ಹಾಕಿದ್ದು ಊರಿಗೆಲ್ಲ ಕಾಣುತ್ತದೆ. ಜಾಗ ಮಸುಕು ಮಾಡಿದರೆ ಗುರುತು 20 ಕಿ.ಮೀ.ಗೂ ಹೆಚ್ಚು ಅಗಲದ ಚೌಕದೊಳಗೆ ಎಲ್ಲೋ ಬೀಳುತ್ತದೆ. ಮಸುಕು ಮಾಡದಿದ್ದರೆ ಫಸಲು ಗುತ್ತಿಗೆ ಹಿಡಿಯುವ ಚೇಣಿಯವನಿಗೆ ದರ ಇಳಿಸಲು ನಾವೇ ನೆಪ ಕೊಟ್ಟಂತೆ.

ಎಪಿಕಲೆಕ್ಟ್5ರಲ್ಲಿ ಪ್ರಶ್ನೆಗಳನ್ನು ನಾವೇ ಕನ್ನಡದಲ್ಲಿ ಬರೆದುಕೊಳ್ಳಬಹುದು: ಅಡಿಸೋಗೆಯಲ್ಲಿ ಮಾತ್ರವೋ, ಮೇಲಿನ ಸೋಗೆಗೂ ಹತ್ತಿದೆಯೋ, ಕಾಯಿಯ ಮೇಲೂ ಚುಕ್ಕಿ ಇದೆಯೋ? ನೆಟ್‌ವರ್ಕ್ ಇಲ್ಲದಿದ್ದರೂ ಮರದ ಬುಡದಲ್ಲೇ ಜಾಗ ಹಿಡಿದುಕೊಳ್ಳುತ್ತದೆ, ಎಷ್ಟು ಮೀಟರ್ ಆಚೀಚೆ ಎಂದೂ ತೋರಿಸುತ್ತದೆ. ದಟ್ಟ ತೋಟದಲ್ಲಿ ಆ ಅಂಕಿ ಇಳಿಯುವವರೆಗೆ ಸ್ವಲ್ಪ ಕಾಯಬೇಕು. ಮನೆಗೆ ಬಂದು ಕಳಿಸಿದರೂ ಜಾಗ ಬದಲಾಗುವುದಿಲ್ಲ. ನಕ್ಷೆ ಗುಂಪಿನವರಿಗಷ್ಟೇ ಕಾಣುವಂತೆ ಇಟ್ಟುಕೊಳ್ಳಬಹುದು. ಹಾಗೆ ಇಟ್ಟುಕೊಂಡರೆ ಪ್ರತಿಯೊಬ್ಬರೂ ಲಾಗಿನ್ ಆಗಬೇಕು. ಹಿರಿಯರ ಫೋನಿಗೆ ಮನೆಯ ಹುಡುಗರೇ ಮಾಡಿಕೊಡಬೇಕು. ರೋಗ ಇಲ್ಲದ ತೋಟದವರೂ ‘ಇಲ್ಲ’ ಎಂದು ತುಂಬಲೇಬೇಕು. ಇಲ್ಲವಾದರೆ ನಕ್ಷೆಯಲ್ಲಿ ಖಾಲಿ ಇರುವ ಕಡೆ ರೋಗವಿಲ್ಲವೋ, ಯಾರೂ ನೋಡಲೇ ಇಲ್ಲವೋ ತಿಳಿಯುವುದಿಲ್ಲ.

ಬಸಿಗಾಲುವೆ ನೋಡಲು ಬೆಳಗ್ಗೆ ಹೇಗೂ ತೋಟಕ್ಕೆ ಇಳಿಯುವ ನನಗೆ ಇದು ಸರಿಹೊಂದಿತು, ಕಾಸೂ ಖರ್ಚಿಲ್ಲ. ರೋಗದ ಹೆಸರು, ಔಷಧಿ ಎರಡನ್ನೂ ಇದು ಹೇಳುವುದಿಲ್ಲ. ಅನುಮಾನ ಬಂದ ಸೋಗೆಯ ತುಂಡನ್ನು ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯಕ್ಕೇ ಒಯ್ದು ತೋರಿಸುತ್ತೇನೆ, ಸಾಗರದ ಕಡೆಯವರಿಗೆ ಅದೇನು ದೂರವಲ್ಲ.